ಸಹಾಯ ಬೇಕು: ಹೊರದೇಶದ ಸಂಬಳ, ಊರಿನ ಸಂಬಳ ಹೋಲಿಸೋ ಶೀಟ್

ಹೊರದೇಶದ ಸಂಬಳವನ್ನು ವಿನಿಮಯ ದರಕ್ಕೆ ಗುಣಿಸಿ ಊರಿನ ಸಂಬಳದ ಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತೆ; ಖರ್ಚಾಗೋದು ಅಲ್ಲಿನ ದುಡ್ಡಲ್ಲೇ ತಾನೇ. ಅದಕ್ಕೇ ತೆರಿಗೆ, ಬಾಡಿಗೆ, ವಿಮೆ, ಶಾಲೆ ಫೀಸು ಕಳೆದು ಉಳಿಯೋದನ್ನಷ್ಟೇ ಹೋಲಿಸ್ತಿದ್ದೇವೆ. ವೀಸಾ ನವೀಕರಣ, ವರ್ಷಕ್ಕೊಮ್ಮೆ ಊರಿಗೆ ಬರೋ ಟಿಕೆಟ್ಟನ್ನು 12ರಿಂದ ಭಾಗಿಸಿ ತಿಂಗಳ ಖರ್ಚಿಗೆ ಹಾಕಿದ್ದೇವೆ (ಹೆಚ್ಚಿನವರು ಮರೆಯೋದು ಇದನ್ನೇ).

ತೊಡಕಿರೋದು ವರ್ಷದ ಮಧ್ಯೆ ಹೊರಟವರ ತೆರಿಗೆಯಲ್ಲಿ. ಬಹಳ ದೇಶಗಳಲ್ಲಿ 183 ದಿನ ಇದ್ದರೆ ತೆರಿಗೆ ಲೆಕ್ಕಕ್ಕೆ ಅಲ್ಲಿನ ನಿವಾಸಿ. ಎರಡೂ ದೇಶ ನಿವಾಸಿ ಅಂದರೆ, ದ್ವಿತೆರಿಗೆ ಒಪ್ಪಂದದಲ್ಲಿ (ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಳ್ಳೋದು) ಸಾಮಾನ್ಯವಾಗಿ ಮೊದಲು ಕಾಯಂ ಮನೆ ನೋಡ್ತಾರೆ. ಎರಡೂ ಕಡೆ ಮನೆಯಿದ್ದರೆ ಕುಟುಂಬ, ಆಸ್ತಿ ಎಲ್ಲಿದೆ ಅಂತ ನೋಡ್ತಾರೆ; ಅದನ್ನು ತೋರಿಸೋಕೆ ಯಾವ ದಾಖಲೆ ಸಾಕಾಗುತ್ತೆ?

ಹಾಗೇ, ಸಾಮಾಜಿಕ ಭದ್ರತಾ ಒಪ್ಪಂದ (ಪಿಂಚಣಿಯಂಥವುಗಳ ಬಗ್ಗೆ ಎರಡು ದೇಶ ಮಾಡಿಕೊಳ್ಳೋದು) ಇಲ್ಲದ ಕಡೆ ಕಟ್ಟಿದ ಪಿಂಚಣಿ ವಂತಿಗೆಯನ್ನು ಉಳಿತಾಯ ಅಂತ ಬರೀಬೇಕಾ, ಸೊನ್ನೆ ಅಂತಾನಾ? ಗೊತ್ತಿರೋರು ದಯವಿಟ್ಟು ಸೂತ್ರ ಸಮೇತ ತಿಳಿಸಿ.