ಸಹಾಯ ಬೇಕು: ಹಳೇ ಪಿಕಪ್‌ನ ‘ಟಕ್’ ಸದ್ದು ಎಲ್ಲಿಂದ?

ನಮಸ್ಕಾರ ಅಣ್ಣಂದಿರೇ. ನಾನು ಪಾಂಡವಪುರದ ಕಡೆಯವನು. 2008ರ ಡೀಸೆಲ್ ಪಿಕಪ್, ಹಿಂದಿನ ಚಕ್ರಕ್ಕೆ ಡ್ರೈವ್. ಮೈಸೂರಿನ ಬಂಡೀಪಾಳ್ಯ ಎಪಿಎಂಸಿಗೆ ತರಕಾರಿ ಹೊಡೀತೀನಿ.

ಫಸ್ಟ್ ಗೇರಲ್ಲಿ ಕ್ಲಚ್ ಬಿಟ್ಟ ತಕ್ಷಣ ಅಡಿಯಿಂದ ‘ಟಕ್’ ಅನ್ನುತ್ತೆ, ರಿವರ್ಸ್‌ಗೆ ಹಾಕಿದ್ರೆ ಇನ್ನೂ ಜೋರು. ಸ್ಪೀಡು 50 ದಾಟಿದ್ರೆ ಸೀಟೇ ನಡುಗುತ್ತೆ. ಮೊನ್ನೆ ಶ್ರೀರಂಗಪಟ್ಟಣ ದಾಟಿದ ಮೇಲೆ ಖಾಲಿ ರಸ್ತೇಲಿ ನ್ಯೂಟ್ರಲ್‌ಗೆ ತಂದು ನೋಡ್ದೆ. ಇಂಜಿನ್ ಐಡಲ್‌ಗೆ ಇಳೀತು, ನಡುಕ ಮಾತ್ರ ಹಾಗೇ ಇತ್ತು. ಅಲ್ಲಿಗೆ ಇಂಜಿನ್ನು, ಕ್ಲಚ್ಚು ಅಲ್ಲ ಅಂತ ನನ್ನ ಲೆಕ್ಕ.

ಮನೆ ಮುಂದೆ ಚಕ್ರಕ್ಕೆ ಕಲ್ಲು ಕೊಟ್ಟು, ಅಡಿಗೆ ತೂರಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೋ, ತಿರುಗೋ ಉದ್ದ ರಾಡು) ಹಿಡಿದು ಅಲ್ಲಾಡಿಸ್ದೆ. ಹಿಂದಿನ ಕ್ರಾಸ್‌ನಲ್ಲಿ (ಶಾಫ್ಟ್ ತುದಿಯ ಬಾಗೋ ಕೀಲು) ಕೈಗೆ ಗೊತ್ತಾಗೋಷ್ಟು ಆಟ, ಅಂದ್ರೆ ಸಡಿಲ ಇದೆ; ಅದರ ಒಂದು ಬೇರಿಂಗ್ ಕಪ್ ಸುತ್ತ ಕಾಫಿಪುಡಿ ಉದುರಿದ ಹಾಗೆ ತುಕ್ಕು. ಶಾಫ್ಟನ್ನ ನಡುವೆ ಹಿಡಿದಿರೋ ಸೆಂಟರ್ ಬೇರಿಂಗಿನ ರಬ್ಬರೂ ಸೀಳಿದೆ. ಹಿಂದಿನ ಆಕ್ಸಲ್ ಹೌಸಿಂಗ್ ಆಯಿಲ್ ಇಳಿಸಿ ನೋಡ್ದೆ, ಲೋಹದ ಚೂರಿಲ್ಲ.

ಇಲ್ಲೊಬ್ರು ಮೇಸ್ತ್ರಿ ಗಾಡಿ ಅಡಿಗೂ ಬಗ್ಗದೆ ‘ಕ್ರೌನ್ ಪಿನಿಯನ್ ಹೋಗಿದೆ, ಸೆಟ್ಟೇ ಬದಲಾಯಿಸ್ಬೇಕು’ ಅಂದ್ಬಿಟ್ರು. ಆ ಹೌಸಿಂಗ್ ಒಳಗಿನ ಗೇರ್ ಜೋಡಿ ಅದು; ಹೋಗಿದ್ರೆ ಆಕ್ಸಿಲರೇಟರ್ ಒತ್ತಿದಾಗ ಒಂಥರ, ಬಿಟ್ಟಾಗ ಒಂಥರ ಗುಂಯ್ ಅನ್ಬೇಕಲ್ವಾ? ಅಂಥದ್ದೇನೂ ಕೇಳಿಸ್ತಿಲ್ಲ. (ನಮ್ಮಪ್ಪ ಅಂತೂ ‘ಮಾರಿ ಹಾಕು’ ಅಂತಾರೆ, ಅದು ಬೇರೆ ಕಥೆ.)

ಕ್ರಾಸು, ಸೆಂಟರ್ ಬೇರಿಂಗ್ ಹಾಕಿಸಿದ್ರೆ ಸಾಕಾ, ಶಾಫ್ಟ್ ಬ್ಯಾಲೆನ್ಸೂ ಮಾಡಿಸ್ಲೇಬೇಕಾ? ಬಿಚ್ಚೋದಕ್ಕೆ ಮುಂಚೆ, ಮತ್ತೆ ಹಾಗೇ ಕೂರಿಸೋಕೆ ಅಂತ, ಶಾಫ್ಟ್ ಸೇರೋ ಫ್ಲ್ಯಾಂಜ್‌ಗೆ ಪೇಂಟಲ್ಲಿ ಗುರುತು ಹಾಕಿಟ್ಟಿದೀನಿ. ಮೈಸೂರಲ್ಲಿ ಬ್ಯಾಲೆನ್ಸಿಂಗ್ ಮಾಡೋ ಲೇತ್ ಶಾಪ್ ಗೊತ್ತಿದ್ರೆ ಹೇಳಿ. ಶುಕ್ರವಾರ ಟೊಮೊಟೊ ಲೋಡಿದೆ, ಅಷ್ಟರಲ್ಲಿ ಗಾಡಿ ರೆಡಿ ಆಗ್ಬೇಕು.