ಬ್ಯಾಂಕ್ ಹರಾಜಿನಲ್ಲಿ ಸೈಟ್ ಹಿಡಿದವರು ಅನುಭವ ಹೇಳಿ (ಮೈಸೂರು, ಬೋಗಾದಿ ಕಡೆ)

ಬೋಗಾದಿ_ಹುಡುಗ: ರಿಂಗ್ ರೋಡ್ ಹತ್ರ 30×40 ಸೈಟ್ ಹರಾಜಿಗೆ ಬಂದಿದೆ. ಮೂಲಬೆಲೆ 38 ಲಕ್ಷ, ಇ.ಎಂ.ಡಿ. (ಕೂಗೋಕೆ ಮೊದಲೇ ಕಟ್ಟೋ ಠೇವಣಿ) 3.8. ನೋಟಿಸಲ್ಲಿ ‘ಸಾಂಕೇತಿಕ ಸ್ವಾಧೀನ’ ಅಂತಿದೆ. ಸೈಟಲ್ಲಿ ಯಾರೋ ಶೀಟ್ ಮನೆ ಹಾಕ್ಕೊಂಡಿದ್ದಾರೆ. ಅಪ್ಪ ಬೇಡ ಅಂತಿದ್ದಾರೆ. ಕೂಗಬಹುದಾ?

ಹೂಟಗಳ್ಳಿ_ಮನೆ: ಧೈರ್ಯ ಇದ್ರೆ ಕೂಗಿ. ನಾನು ಹೂಟಗಳ್ಳೀಲಿ ಮನೆ ಹಿಡಿದೆ. ಮೂಲಬೆಲೆ 40, ಇ.ಎಂ.ಡಿ. 4 ಲಕ್ಷ. ಕೊನೇ ಐದು ನಿಮಿಷದಲ್ಲಿ ಯಾರಾದ್ರೂ ಏರಿಸಿದ್ರೆ ಟೈಮು ಮತ್ತೆ ಐದು ನಿಮಿಷ ಮುಂದಕ್ಕೆ, ಎಳೆದೂ ಎಳೆದೂ 41.6ಕ್ಕೆ ನಿಂತಿತು. ಕಾಲು ಭಾಗ 10.4, ಇ.ಎಂ.ಡಿ. ಕಳೆದು 6.4 ಲಕ್ಷ ಮಾರನೇ ಕೆಲಸದ ದಿನದೊಳಗೆ. ಉಳಿದ 31.2ಕ್ಕೆ 15 ದಿನ. ತಪ್ಪಿದ್ರೆ ಕಟ್ಟಿದ್ದೂ ಮುಟ್ಟುಗೋಲು. ಸಾಲ ಕೊಡ್ತೀವಿ ಅಂದಿದ್ದವರು ‘ಸೇಲ್ ಸರ್ಟಿಫಿಕೇಟ್ ತನ್ನಿ’ ಅಂದ್ರು, ಅಂದ್ರೆ ಹರಾಜು ಹಾಕಿದ ಬ್ಯಾಂಕ್ ಕೊಡೋ ಮಾರಾಟ ಪತ್ರ. ಪೂರ್ತಿ ದುಡ್ಡು ಕಟ್ಟದೆ ಸರ್ಟಿಫಿಕೇಟ್ ಎಲ್ಲಿಂದ ತರ್ಲಿ? ಹೆಂಡತಿ ಒಡವೆ ಗಿರವಿ, ಭಾವಮೈದನ ಹತ್ರ ಕೈಸಾಲ. ಸ್ಟ್ಯಾಂಪು, ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6, ಅಂದ್ರೆ 2,32,960. ನೋಂದಣಿ 41,600 (ಆಗ ಶೇ. 1, 2025ರ ಆಗಸ್ಟ್ 31ರಿಂದ ಶೇ. 2). ಕಂದಾಯ ಬಾಕಿ 86,400. ಕರೆಂಟ್ ಬಾಕಿ 11,270. ಹಳೇ ಬಾಕಿಯೆಲ್ಲಾ ನಮ್ಮ ತಲೆಗೇ, ‘ಇದ್ದಲ್ಲಿ, ಇದ್ದ ಹಾಗೆ’ ಅಂತ ನೋಟಿಸಲ್ಲೇ ಹಾಕಿರ್ತಾರೆ. ಸರ್ಫೇಸಿ (ಅಡ ಇಟ್ಟ ಆಸ್ತೀನ ಬ್ಯಾಂಕೇ ಹರಾಜು ಹಾಕೋ ಕಾಯ್ದೆ) ಸೆಕ್ಷನ್ 14ರಲ್ಲಿ ಸ್ವಾಧೀನ ಕೊಡಿಸೋ ಡಿ.ಸಿ. ಆದೇಶಕ್ಕೆ ಕಾಯೋ ಬದಲು ಒಳಗಿದ್ದ ಬಾಡಿಗೆಯವನ ಕೈಗೆ ಒಂದೂವರೆ ಲಕ್ಷ ಇಟ್ಟು ಎಬ್ಬಿಸಿದೆ. ಈಗ 65ಕ್ಕೆ ಕೇಳ್ತಿದ್ದಾರೆ, ಕೊಡಲ್ಲ.

ಮದ್ದೂರು_ಆಲೆಮನೆ: 65ಕ್ಕೆ ಕೇಳ್ತಾವ್ರೆ ಅಂತ ಹೆಚ್ಚುಗಾರಿಕೆ ಬೇರೆ. ಆ ಮನೆನೂ ಒಬ್ಬ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿದ್ದೇ ಕನ ಸ್ವಾಮಿ. ಆಲೆಮನೆ ಸಾಲಕ್ಕೆ ನಮ್ಮ ಟೌನ್ ಸೈಟು ಅಡ ಇತ್ತು. ಎರಡು ಹಂಗಾಮು ಬೆಲ್ಲದ ರೇಟು ಬಿದ್ದೋಯ್ತು, ಕಂತು ನಿಂತೋಯ್ತು. 60 ದಿನದ ನೋಟಿಸ್ ಬಂತು, ಆಮೇಲೆ ಗೋಡೆಗೆ ಅಂಟಿಸಿದ್ರು, ಪೇಪರ್ನಲ್ಲಿ ಹಾಕಿದ್ರು, ನಂಟ್ರೆಲ್ಲಾ ಓದುದ್ರು. ಸುತ್ತ 75 ಇರೋ ಸೈಟಿಗೆ ಅವರ ವ್ಯಾಲ್ಯುಯರ್ (ಬೆಲೆ ಕಟ್ಟೋನು) ಹಾಕ್ಕೊಟ್ಟಿದ್ದು 52. ಬಿದ್ದಿದ್ದು 52.5. ಬಾಕಿ 46.2 ಲಕ್ಷ, ಮೇಲೆ ಪೇಪರ್ ಜಾಹೀರಾತು, ವಕೀಲ, ವ್ಯಾಲ್ಯುಯರ್ ಅಂತ 1.83 ಮುರ್ಕೊಂಡು 4.47 ವಾಪಸ್ ಕೊಟ್ರು. ದುಡ್ಡು ಜೋಡ್ಸ್ಕೊಂಡು ಹೋದ್ರೆ, ಹರಾಜು ಪ್ರಕಟಣೆ ಆದ್ಮೇಲೆ ಬಿಡಿಸ್ಕೊಳಕ್ಕಾಗಕಿಲ್ಲ ಅಂದ್ರು. 2016ರಲ್ಲಿ ಕಾನೂನು ಹಂಗೆ ತಿದ್ದವ್ರೆ, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಗದ್ದೆನೂ ಹಾಕ್ತೀವಿ ಅಂತ ಹೆದರಿಸಿದ್ರು.

ಹೂಟಗಳ್ಳಿ_ಮನೆ: ಸಾಲ ತಗೊಂಡವರು ನೀವು, ಬೈಗುಳ ನಮಗಾ? ಕೊಳ್ಳೋರೇ ಬರದಿದ್ರೆ ಮೂಲಬೆಲೆ ಇನ್ನೂ ಇಳಿಸ್ತಿದ್ರು, ಆ 4.47 ಕೂಡ ಸಿಗ್ತಿರಲಿಲ್ಲ.

ನಿವೃತ್ತ_ಶಿರಸ್ತೇದಾರ್: ಆಲೆಮನೆಯವರೇ, ಗದ್ದೆಯ ವಿಚಾರದಲ್ಲಿ ನಿಮ್ಮನ್ನು ಸುಮ್ಮನೆ ಹೆದರಿಸಿದ್ದಾರೆ. 2002ರ ಸರ್ಫೇಸಿ ಕಾಯ್ದೆಯ 31(ಐ) ಪ್ರಕಾರ ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸಿವಿಲ್ ಕೋರ್ಟ್ ಡಿಕ್ರಿ (ಸಾಲ ವಸೂಲಿಯ ತೀರ್ಪು) ಆದರೆ ಬೇರೆ ಮಾತು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನಾಲೆ ಬಯಲಿನ ಗದ್ದೆಯನ್ನು ಕೋರ್ಟ್ ಹರಾಜಿನಲ್ಲಿ 18 ಲಕ್ಷಕ್ಕೆ ನಾನೇ ಹಿಡಿದಿದ್ದೆ. ನಾಲ್ಕೂವರೆ ಅಲ್ಲೇ ಎಣಿಸಿ, ಉಳಿದ ಹದಿಮೂರೂವರೆಯನ್ನು 15 ದಿನದೊಳಗೆ ಠೇವಣಿ ಇಟ್ಟೆ. ಹರಾಜಾಗಿ 60 ದಿನ ತುಂಬುವ ಮೊದಲು ಜಮೀನಿನವನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 89ರಲ್ಲಿ ಅರ್ಜಿ ಹಾಕಿ ಡಿಕ್ರಿ ಹಣವನ್ನೂ ನನಗೆಂದು ಹರಾಜು ಮೊತ್ತದ ಶೇ. 5ನ್ನೂ ಕಟ್ಟಿದ. ಹರಾಜು ರದ್ದು. ಎಫ್.ಡಿ. ಮುರಿದು ಹಾಕಿದ್ದ ದುಡ್ಡು, ವಕೀಲರ ಫೀಸು ಬೇರೆ.

ಮದ್ದೂರು_ಆಲೆಮನೆ: 90 ಸಾವ್ರ ಜೇಬಿಗೆ ಬಂತಲ್ಲ ಯಜಮಾನ್ರೇ. ಒಬ್ಬ ರೈತ ಗದ್ದೆ ಉಳಿಸ್ಕೊಂಡ್ರೆ ನಿಮಗ್ಯಾಕೆ ಸಂಕಟ?

ನಿವೃತ್ತ_ಶಿರಸ್ತೇದಾರ್: ಪಿಂಚಣಿಯ ದುಡ್ಡು ಸ್ವಾಮಿ, ಕಬ್ಬಿನ ಬಿಲ್ಲಲ್ಲ. ಮಾತು ಬಿಗಿಹಿಡಿದು ಆಡಿ.

ಬೋಗಾದಿ_ಹುಡುಗ: ಶೀಟ್ ಮನೆಯವರ ವಿಷಯ ಯಾರಾದ್ರೂ...

ನಾಲ್ಕನೇ_ಹಂತ: ಸಾಂಕೇತಿಕ ಅಂದ್ರೆ ಬ್ಯಾಂಕಿನವರಿಗೇ ಕಾಗದದ ಮೇಲೆ ಮಾತ್ರ ಸಿಕ್ಕಿದೆ ಅಂತ, ಎಬ್ಬಿಸೋ ತಲೆನೋವು ನಿಮ್ದು. ಅದಕ್ಕೇ ನಾನೂ ನಮ್ಮೆಜಮಾನ್ರೂ ನಗರಾಭಿವೃದ್ಧಿ ಪ್ರಾಧಿಕಾರದ ಹರಾಜಿಗೇ ಹೋದ್ವಿ. ವಿಜಯನಗರ ನಾಲ್ಕನೇ ಹಂತ, ಮೂಲೆ ನಿವೇಶನ, 9×12 ಮೀಟರ್. ಅಲ್ಲಿ ಚದರ ಮೀಟರ್ ಲೆಕ್ಕ, 500 ಏರಿಸಿದ್ರೆ ಒಟ್ಟು 54,000 ಏರತ್ತೆ, ಅದು ಮರೆತು ಬಟನ್ ಒತ್ತಿದ ಜನಾನ ಕಣ್ಣಾರೆ ನೋಡಿದೀನಿ. ಎರಡು ಕಡೆ ರಸ್ತೆ, ಗಾಳಿ ಬೆಳಕು, ಯಾರ ಶಾಪಾನೂ ಇಲ್ಲ.

ಹೂಟಗಳ್ಳಿ_ಮನೆ: ಶಾಪ ಅಂದ್ರೆ ಏನರ್ಥ? ನಮ್ಮನೇಲಿ ಗಣಹೋಮ ಮಾಡ್ಸೇ ಒಳಗೆ ಹೋಗಿದ್ದು. ನಿಮ್ದು ಆಗ್ನೇಯ ಮೂಲೆ ತಾನೇ? ದಕ್ಷಿಣಕ್ಕೆ ರಸ್ತೆ ಇರೋ ಮೂಲೆಗೆ ಯಾರೂ ಕೈ ಹಾಕಲ್ಲ, ಅದಕ್ಕೇ ಸಿಕ್ಕಿರೋದು.

ನಾಲ್ಕನೇ_ಹಂತ: ಈಶಾನ್ಯ. ಪಕ್ಕದ ಸೈಟಿಗಿಂತ ಜಾಸ್ತಿ ಕೊಟ್ಟೇ ತಗೊಂಡಿದ್ದು. ಬಾಡಿಗೆಯವನಿಗೆ ಲಂಚ ಕೊಟ್ಟು ಒಳಗೆ ಹೋದವರ ಹತ್ರ ವಾಸ್ತು ಕೇಳೋ ಗತಿ ನಮಗೆ ಬಂದಿಲ್ಲ.

ಹೂಟಗಳ್ಳಿ_ಮನೆ: ಲಂಚ ಅಲ್ಲ, ರಾಜಿ ಪತ್ರ ಬರೆಸ್ಕೊಂಡಿದ್ದೀನಿ. ನೂರು ರೂಪಾಯಿ ಸ್ಟ್ಯಾಂಪ್ ಪೇಪರ್ ಮೇಲೆ, ನೋಟರಿ ಸಮೇತ.

ಮದ್ದೂರು_ಆಲೆಮನೆ: ವಾಸ್ತು ಅತ್ಲಾಗಿ ಮಡಗಿ. 50 ಲಕ್ಷ ಮುಟ್ಟಿದ್ರೆ ಕೊಂಡವನು ಶೇ. 1 ಟಿ.ಡಿ.ಎಸ್. (ಮೂಲದಲ್ಲೇ ಹಿಡಿಯೋ ತೆರಿಗೆ) ಹಿಡಿದು ಮಾಲೀಕನ ಪ್ಯಾನ್‌ಗೆ ಕಟ್ಬೇಕು. ನಮ್ಮ ಸೈಟಲ್ಲಿ 52,500 ಹಿಡ್ದವ್ನೆ, ನನ್ನ 26ಎಎಸ್‌ನಲ್ಲಿ (ನನ್ನ ಹೆಸರಿಗೆ ಕಟ್ಟಿದ ತೆರಿಗೆ ಪಟ್ಟಿ) ಒಂದು ಪೈಸೆ ಕಾಣ್ತಿಲ್ಲ. ಕೊಂಡವನು ಬ್ಯಾಂಕ್ ಕೇಳಿ ಅಂತಾನೆ, ಬ್ಯಾಂಕ್ನವರು ಕೊಂಡವನನ್ನ ಕೇಳಿ ಅಂತಾರೆ. ಯಾರ್ಗಾರ ಹಿಂಗಾಗಿದ್ರೆ ಹೇಳ್ರಪ್ಪಾ.

ನಿವೃತ್ತ_ಶಿರಸ್ತೇದಾರ್: ಕೊಂಡವನು ಸಾಲಗಾರನ ಪ್ಯಾನ್ ಬದಲು ಬ್ಯಾಂಕಿನದ್ದು ಹಾಕಿರಬಹುದು. ಚಲನ್ ಪ್ರತಿ ಕೇಳಿ, ಲಿಖಿತದಲ್ಲಿ.