ಸಹಾಯ ಬೇಕು: ಮಗಳ ಮೊದಲ ಬ್ರೆಡ್ ಓವನ್‌ನಲ್ಲಿ ಕುಸಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಏಳು ವರ್ಷದ ಮಗಳು ತಾನೇ ಹಿಟ್ಟು ನಾದಿ ಬ್ರೆಡ್ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾನು ಮುಟ್ಟಲೇಬಾರದಂತೆ!

500 ಗ್ರಾಂ ಮೈದಾ, 320 ಮಿ.ಲೀ. ಉಗುರುಬೆಚ್ಚಗಿನ ನೀರು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 9 ಗ್ರಾಂ ಉಪ್ಪು. ಮೊದಲ ಸಲ ಚೆನ್ನಾಗಿ ಎರಡರಷ್ಟು ಉಬ್ಬುತ್ತದೆ. ಟಿನ್ನಿಗೆ ಹಾಕಿ ಮತ್ತೆ ಒಂದು ಗಂಟೆ ಬಿಟ್ಟರೆ ಅಂಚು ದಾಟಿ ಬರುತ್ತದೆ. ಅವಳು ಬೆರಳಲ್ಲಿ ಒತ್ತಿದ ಗುಳಿ ಮುಚ್ಚಿಕೊಳ್ಳದೆ ಹಾಗೇ ಉಳಿಯುತ್ತದೆ. 200 ಡಿಗ್ರಿಯಲ್ಲಿ ಇಟ್ಟ ಹತ್ತೇ ನಿಮಿಷಕ್ಕೆ ನಡು ತಗ್ಗುತ್ತದೆ, ನೋಡುತ್ತ ಕೂತವಳ ಮುಖವೂ ಬಾಡುತ್ತದೆ.

ಎರಡನೇ ಸಲ ಅತಿಯಾಗಿ ಉಬ್ಬಿದ್ದೇ ಕಾರಣ ಅಂತ ನನ್ನ ಅನುಮಾನ. ಅಥವಾ ಪುಟ್ಟ ಕೈಯ ನಾದುವಿಕೆ ಸಾಲದೆ? ಯೀಸ್ಟ್ ಕಡಿಮೆ ಮಾಡಲೋ, ಸಮಯವೋ? ಮುಂದಿನ ತಿಂಗಳು ತಮ್ಮನ ಹುಟ್ಟುಹಬ್ಬದ ಕೇಕಿಗೆ ಕ್ರೀಮಿನ ಹೂವೂ ಅವಳೇ ಬಿಡಿಸಬೇಕಂತೆ. ಅಷ್ಟರೊಳಗೆ ಒಂದು ಬ್ರೆಡ್ಡಾದರೂ ಸರಿಯಾಗಿ ಬರಲಿ. ಅನುಭವ ಇದ್ದವರು ದಯವಿಟ್ಟು ತಿಳಿಸಿ.